ತರಕಾರಿ ಖಾನೆಯ ಕಡಲ ಹೂಗಳು

ಕೋಣೆ ಕೇಳಿಕೊಂಡು ಬಂದವರೆಲ್ಲ ಮೊದಲು ನೀರಿನ ವಿಚಾರ ಎತ್ತುತ್ತಿದ್ದರು. ನಿಶ್ಚಿತಾ ಚಪ್ಪಲಿ ಬಿಡುವ ಮೊದಲೇ, “ಅಜ್ಜಿ, ಫ್ರಿಜ್ ಇದೆಯಾ?” ಎಂದಳು.

“ಇದೆ, ಮೊಸರಿಗೆ,” ಎಂದರು ರತ್ನಮ್ಮ. “ನಿನಗೇನು ಇಡ್ಬೇಕಮ್ಮ?”

“ಈಗ ಏನೂ ಇಲ್ಲ. ಮುಂದೆ ಬೇಕಾಗ್ಬಹುದು.”

ಅದು ೨೦೦೩ರ ಜೂನ್. ರೈಲ್ವೆಯಲ್ಲಿದ್ದ ಯಜಮಾನರು ತೀರಿಕೊಂಡ ಮೇಲೂ ರತ್ನಮ್ಮ ವಡೋದರಾ ಬಿಟ್ಟಿರಲಿಲ್ಲ. ಅಲ್ಕಾಪುರಿಯ ಹಿಂಭಾಗದ ವಸತಿ ಸೊಸೈಟಿಯೊಂದರ ಮೊದಲ ಮಹಡಿಯಲ್ಲಿ ಅವರ ಮನೆ; ಹಿಂದಿನ ಕೋಣೆ ಓದುವ ಹುಡುಗಿಯರಿಗೆ. ನಿಶ್ಚಿತಾಳ ತಂದೆಗೆ ವಿಮೆ ಕಂಪನಿಯಲ್ಲಿ ಕೆಲಸ, ಅವಳು ಬೆಳೆದದ್ದು ಸೂರತ್ತಿನ ವರಾಛಾದಲ್ಲಿ. ಕನ್ನಡ ಅಮ್ಮನ ಅಡುಗೆಮನೆಯಲ್ಲಿ ಕಿವಿಗೆ ಬಿದ್ದಷ್ಟೇ. ಸಿಟ್ಟು ಬಂದರೆ ಹಿಂದಿ, ತರಕಾರಿಯವನ ಜೊತೆ ಗುಜರಾತಿ. ಯಾರನ್ನು ಕಂಡರೂ ಅವರು ಇನ್ಯಾರಿಗೆ ಏನಾಗಬೇಕು ಎಂದು ಕೇಳುವ ಚಾಳಿ ಬೇರೆ. ವಾರ ಕಳೆಯುವುದರೊಳಗೆ ಹಾಲಿನವನ ಷಡ್ಡಕ ಯಾರೆಂಬುದೂ ಅವಳಿಗೆ ಗೊತ್ತಾಗಿತ್ತು.

ಫ್ರಿಜ್ ಬೇಕಾದದ್ದು ಜನವರಿಯಲ್ಲಿ. ಓದಿನ ಕೆಲಸಕ್ಕೆಂದು ಓಖಾ ಕಡಲತೀರಕ್ಕೆ ಹೋಗಿದ್ದವಳು ಉತ್ತರಾಯಣದ, ಅಂದರೆ ಸಂಕ್ರಾಂತಿಯ, ಹಿಂದಿನ ಸಂಜೆ ವಾಪಸಾದಳು. ಊರೆಲ್ಲ ಗಾಳಿಪಟದ ಗುಂಗಿನಲ್ಲಿತ್ತು. ವಿಶ್ವವಿದ್ಯಾಲಯದಲ್ಲಿ ಅವಳ ಪ್ರಾಣಿಶಾಸ್ತ್ರ ವಿಭಾಗಕ್ಕೆ ಎರಡು ದಿನ ಬೀಗ. ಅವಳು ತಂದ ಡಬ್ಬಿಯೊಳಗೆ ಸಾಲಾಗಿ ಪುಟ್ಟ ಬಾಟಲಿಗಳಿದ್ದವು, ಒಂದೊಂದರಲ್ಲೂ ಸ್ಪಿರಿಟಿನಲ್ಲಿ ಮುಳುಗಿದ ಸುಕ್ಕು ಸುಕ್ಕಾದ ಏನೋ.

“ಇದೇನೇ, ನೆನೆಸಿದ ಒಣದ್ರಾಕ್ಷಿ ಥರ ಇದೆ?”

“ಕಡಲ ಹೂ ಅಜ್ಜಿ. ಬಂಡೆಗೆ ಅಂಟ್ಕೊಂಡು ಹೂವಿನ ಥರ ಅರಳತ್ತೆ. ಆದ್ರೆ ಹೂವಲ್ಲ, ಪ್ರಾಣಿ.”

ರತ್ನಮ್ಮನ ಕೈ ತಾನಾಗಿಯೇ ಮೊಸರಿನ ಪಾತ್ರೆಯತ್ತ ಹೋಯಿತು. ಮೊಸರು ಮೇಲಿನ ತಟ್ಟೆಗೆ ಏರಿತು, ತರಕಾರಿ ನೆಲದ ಬುಟ್ಟಿಗೆ ಇಳಿಯಿತು, ಕೆಳಗಿನ ಖಾನೆಯಲ್ಲಿ ಕಡಲ ಹೂಗಳು ಕೂತವು.

“ಇವನ್ನಿಟ್ಕೊಂಡು ಏನ್ಮಾಡ್ತೀಯ?”

“ಮೈಯ ಒಂದೊಂದು ಕಣದೊಳಗೂ ಒಂದು ಚೀಟಿ ಇದೆ ಅಂದ್ಕೊಳ್ಳಿ. ಅದು ಅಮ್ಮನಿಂದ ಮಾತ್ರ ಬರತ್ತೆ, ಅಪ್ಪಂದು ಬರಲ್ಲ. ಅದನ್ನ ಓದಿದ್ರೆ ಯಾರಿಗ್ಯಾರು ನೆಂಟರು ಅಂತ ಗೊತ್ತಾಗತ್ತೆ. ನೋಡಕ್ಕೆ ಒಂದೇ ಥರ ಇರೋವು ದೂರದವು ಇರಬಹುದು. ಒಂಚೂರೂ ಹೋಲದೇ ಇರೋವು ಸಗೀ, ಅಂದ್ರೆ ಸ್ವಂತ ಅಕ್ಕತಂಗಿ ಥರ.”

“ನಮ್ಮಲ್ಲಿ ಗೋತ್ರ ಅಪ್ಪನ ಕಡೇದು.”

“ಇವಕ್ಕೆ ಅಮ್ಮಂದು.”

ಮರುದಿನ ಸೊಸೈಟಿಯವರೆಲ್ಲ ತಾರಸಿ ಹತ್ತಿದ್ದರು; ರತ್ನಮ್ಮ, ನಿಶ್ಚಿತಾ ಮಾತ್ರ ಮನೆಯಲ್ಲಿದ್ದರು. ಒಂದು ಬಾಟಲಿಯ ಮುಚ್ಚಳ ಸಡಿಲವಾಗಿತ್ತೆಂದು ಕಾಣುತ್ತದೆ. ಸೊಸೈಟಿಯ ಕಾರ್ಯದರ್ಶಿ ಜಸವಂತಭಾಯಿ ದಾರದ ಖಾಲಿ ಉರುಳೆ ಹಿಡಿದು ಮೆಟ್ಟಿಲಿಳಿಯುತ್ತಿದ್ದವರು ರತ್ನಮ್ಮನ ಬಾಗಿಲಲ್ಲಿ ನಿಂತು ಮೂಗೆಳೆದರು.

“ಮಾಸಿ, ನಿಮ್ಮ ಮನೆಯಿಂದ ದಾರೂ ವಾಸನೆ.”

ಪಾನನಿಷೇಧದ ಗುಜರಾತಿನಲ್ಲಿ ಇದು ಸಣ್ಣ ಮಾತಲ್ಲ. ನಿಶ್ಚಿತಾ ಒಳಗಿನಿಂದ ಧಾವಿಸಿ ಬಂದಳು. ಸ್ಪಿರಿಟಿನ ಪರವಾನಗಿ ಪ್ರೊಫೆಸರರ ಹೆಸರಿನಲ್ಲಿ, ಬೀಗ ಹಾಕಿದ ವಿಭಾಗದೊಳಗೆ. ದಾರೂ ಅಲ್ಲವೆಂದು ತೋರಿಸಬೇಕಾದರೆ ಪ್ರಾಣಿಗಳನ್ನು ತೋರಿಸಬೇಕು. ಆ ಕಟ್ಟಡದೊಳಕ್ಕೆ ಮೊಟ್ಟೆಯೂ ಬಂದದ್ದಿಲ್ಲ. ಹೇಗೆ ಹೋದರೂ ಅವಳ ಕೋಣೆಗೆ ಸಂಚಕಾರ. ಸ್ಪಿರಿಟ್ ಚೆಲ್ಲಿಸಿದರಂತೂ ಎಲ್ಲ ಕೊಳೆತು ಹೋಗುತ್ತದೆ, ಮತ್ತೆ ಕೂಡಿಸಲು ಮುಂದಿನ ಚಳಿಗಾಲದವರೆಗೆ ಕಾಯಬೇಕು.

“ಅಜ್ಜಿ, ಔಷಧಿ ಅಂದ್ಬಿಡಿ,” ಎಂದು ಅವಳು ಕನ್ನಡದಲ್ಲಿ ಪಿಸುಗುಟ್ಟಿದಳು.

“ಔಷಧಿ ಅಲ್ವಲ್ಲ,” ಎಂದು ರತ್ನಮ್ಮ ಫ್ರಿಜ್ಜಿನ ಬಾಗಿಲು ತೆರೆದರು.

ಜಸವಂತಭಾಯಿ ಬಗ್ಗಿದರು. ಬಗ್ಗಿದಷ್ಟೇ ಬೇಗ ನೆಟ್ಟಗಾದರು. “ಇದು ಜೀವ, ಮಾಸಿ.”

“ಹೌದು. ಸತ್ತಿವೆ. ಮೇಲೆ ನನ್ನ ಮೊಸರಿದೆ, ಅದನ್ನೂ ನೋಡಿ.”

“ಇದಕ್ಕಿಂತ ದಾರೂನೇ ವಾಸಿಯಿತ್ತು,” ಎಂದರು ಜಸವಂತಭಾಯಿ. “ಈಗಲೇ ತೆಗೆಸಿ. ಮೋರಿಗೆ ಸುರಿಯಿರಿ.”

ಅಷ್ಟರಲ್ಲಿ ಅವರ ಹೆಂಡತಿ ಹಂಸಾಬೆನ್ ಎಳ್ಳು ಚಿಕ್ಕಿಯ ತಟ್ಟೆ ಹಿಡಿದು ಬಂದರು. ಇಣುಕಿ ನೋಡಿ, “ಇವು ನಿನಗ್ಯಾಕೆ ದೀಕರಿ?” ಎಂದರು ಮಗಳನ್ನು ಕೇಳುವಂತೆ. ನಿಶ್ಚಿತಾ ಚೀಟಿಯ ಕಥೆಯನ್ನು ಗುಜರಾತಿಯಲ್ಲಿ ಹೇಳಿದಳು, ತೊದಲುತ್ತ, ಆದರೆ ಒಂದನ್ನೂ ಬಿಡದೆ. ಹಂಸಾಬೆನ್ ತಟ್ಟೆ ಕೆಳಗಿಟ್ಟರು.

“ನಿಮ್ಮ ಊರಿನ ಬಾರೋಟ್ ಬಂದು ವಂಶಾವಳಿ ಓದ್ತಾನಲ್ಲ,” ಎಂದರು ಗಂಡನಿಗೆ. “ನಿಮ್ಮ ಮುತ್ತಜ್ಜನ ಅಜ್ಜನವರೆಗೂ ಹೆಸರು ಹೇಳ್ತಾನೆ. ನನ್ನ ಅಮ್ಮನ ಹೆಸರು ಯಾವತ್ತಾದ್ರೂ ಬಂತಾ?”

“ಅದು ಪದ್ಧತಿ.”

“ಇದು ಇವುಗಳ ಪದ್ಧತಿ. ಅಮ್ಮನ ಕಡೆಯದನ್ನು ಓದೋ ಬಾರೋಟ್ ಒಬ್ಬಳು ಸಿಕ್ಕಿದಾಳೆ. ಅವನಿಗೆ ಕೊಡೋ ಹಾಗೆ ಅವಳಿಗೆ ಧೋತ್ರ ಉಡುಗೊರೆ ಕೊಡೋದು ಬೇಡ, ಓಡಿಸ್ಬೇಡಿ ಸಾಕು.”

ರತ್ನಮ್ಮನಿಗೆ ನಗು ತಡೆಯಲಾಗಲಿಲ್ಲ. ತಾರಸಿಯಲ್ಲಿ ಗುಲ್ಲೆದ್ದಿತು, ಜಸವಂತಭಾಯಿ ಹುಡುಗರ ಕೈಗೆ ಕೊಟ್ಟು ಬಂದಿದ್ದ ಪಟವನ್ನು ಯಾರೋ ಕತ್ತರಿಸಿದ್ದರು. ಅವರು ಮೇಲೊಮ್ಮೆ ನೋಡಿದರು, ಹೆಂಡತಿಯನ್ನೊಮ್ಮೆ ನೋಡಿದರು.

“ಹಬ್ಬ ಮುಗಿದ ಬೆಳಿಗ್ಗೆ ಇವು ಇಲ್ಲಿರಕೂಡದು. ಮುಚ್ಚಳ ಬಿಗಿ ಮಾಡು,” ಎಂದು ಮೆಟ್ಟಿಲೇರಿದರು.

ಮುಚ್ಚಳ ಬಿಗಿ ಮಾಡಿದವರು ರತ್ನಮ್ಮ, ಒದ್ದೆ ಬಟ್ಟೆ ಹಿಡಿದು. ಹಬ್ಬ ಕಳೆದ ಬೆಳಿಗ್ಗೆ ಡಬ್ಬಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ನಿಶ್ಚಿತಾಳ ವಿಭಾಗದವರೆಗೂ ಹೋದರು. ಮನೆಗೆ ಬಂದು ಖಾನೆಯನ್ನು ಬಿಸಿನೀರು ಹಾಕಿ, ಹುಣಸೆಹಣ್ಣು ಹಾಕಿ ಉಜ್ಜಿದರು. ಆದರೂ ತರಕಾರಿಯನ್ನು ಅಲ್ಲಿಡಲು ಮನಸ್ಸು ಬರಲಿಲ್ಲ. ಬುಟ್ಟಿ ನೆಲದಲ್ಲೇ ಉಳಿಯಿತು.

ಮುಂದಿನ ವರ್ಷ ಒಂದು ಸಂಜೆ ನಿಶ್ಚಿತಾ ಓಡಿಬಂದಳು. ಒಂದಕ್ಕೊಂದು ಹೋಲದಿದ್ದ ಎರಡು ಕಡಲ ಹೂಗಳು ಎಲ್ಲಕ್ಕಿಂತ ಹತ್ತಿರದ ನೆಂಟರೆಂದು ಚೀಟಿ ಹೇಳಿತ್ತು. ಸುದ್ದಿ ಕೇಳಿ ಹಂಸಾಬೆನ್ ಒಂದು ಪಾತ್ರೆ ಉಂಧಿಯು ಪಲ್ಯ ಕಳಿಸಿದರು. ಅದರಲ್ಲಿ ಬದನೆಕಾಯಿಯೇ ಹೆಚ್ಚೆಂದು ಗೊಣಗುತ್ತಲೇ ನಿಶ್ಚಿತಾ ಪಾತ್ರೆ ಖಾಲಿ ಮಾಡಿದಳು.

ಓದು ಮುಗಿಸಿ ಅವಳು ಅಹಮದಾಬಾದಿಗೆ ಹೋದಳು. ನವರಂಗಪುರದಲ್ಲಿ ಮನೆ, ಕಾಲೇಜಿನಲ್ಲಿ ಪಾಠ. ೨೦೦೬ರ ಡಿಸೆಂಬರಿನಲ್ಲಿ ಅವಳ ಫೋನ್ ಬಂತು. ಅವಳ ವಿದ್ಯಾರ್ಥಿನಿಯೊಬ್ಬಳು ವಡೋದರಾಕ್ಕೆ ಬರುವವಳಿದ್ದಳು; ಅವಳದ್ದೂ ಕಡಲ ಹೂವಿನ ಕೆಲಸವೇ.

“ಕೋಣೆ ಇದೆ, ಕಳಿಸು,” ಎಂದರು ರತ್ನಮ್ಮ.

“ಕೋಣೆ ಇರೋದು ಗೊತ್ತು ಅಜ್ಜಿ. ಅವಳ ಬಾಟಲಿಗಳಿಗೆ ಜಾಗ ಬೇಕಲ್ಲ. ಆ ಖಾನೆಗೆ ತರಕಾರಿ ವಾಪಸ್ ಬಂತಾ?”