ಅರ್ಜಿಗಳೆಲ್ಲ ಅಳಿಸಿಹೋದ ಭಾನುವಾರ

ತಮಿಳುನಾಡಿಗೆ ಸೇರಿದ ತಾಳವಾಡಿಯಲ್ಲಿ ಅರ್ಜಿ ಬರೆದುಕೊಡುವ ಕೆಲಸಕ್ಕೆ ನಾನು ಕೂತು ಒಂಬತ್ತು ವರ್ಷವಾಯಿತು. ಕಚೇರಿಗಳಿರುವ ಬೀದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಅದರ ಜಗಲಿಯ ಮೇಲೆ ನನ್ನ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಲ್ಯಾಪ್‌ಟಾಪ್. ಜನ ಬಂದು ಕನ್ನಡದಲ್ಲಿ ತಮ್ಮ ಕಷ್ಟ ಹೇಳುತ್ತಾರೆ. ನಾನು ಅದನ್ನು ತಮಿಳಿನಲ್ಲಿ ಟೈಪು ಮಾಡಿ, ಅಂಗಡಿಯೊಳಗಿನ ಪ್ರಿಂಟರಿನಲ್ಲಿ ತೆಗೆದುಕೊಡುತ್ತೇನೆ. ಜಮೀನಿನ ಪಟ್ಟಾ, ಜಾತಿ ಸರ್ಟಿಫಿಕೇಟು, ರೇಷನ್ ಕಾರ್ಡಿನಲ್ಲಿ ತಪ್ಪಿದ ಹೆಸರು, ಆನೆ ತುಳಿದ ಜೋಳ. ಬೆಳಗಿನಿಂದ ಸಂಜೆಯವರೆಗೆ ಇದೇ.

ಆ ಲ್ಯಾಪ್‌ಟಾಪು ನಾನು ಪ್ಲಸ್ ಟೂ ಓದುವಾಗ ಸರ್ಕಾರ ಕೊಟ್ಟದ್ದು. ನನ್ನ ಮದುವೆಗಿಂತ ಹಳೆಯದು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ವೈರು ಚೂರು ಅಲುಗಿದರೂ ಸಾಕು, ಪಟ್ಟನೆ ಕಪ್ಪಾಗುತ್ತಿತ್ತು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಕಳೆದ ವರ್ಷ ಅದಕ್ಕೆ ಏನಾಯಿತೋ, ಬೆಳಿಗ್ಗೆ ಗುಂಡಿ ಒತ್ತಿದರೆ ತೆರೆದುಕೊಳ್ಳುವುದಕ್ಕೇ ಕಾಲು ಗಂಟೆ ತೆಗೆದುಕೊಳ್ಳತೊಡಗಿತು. ಒಂದು ಅಕ್ಷರ ಒತ್ತಿ, ಅದು ಪರದೆಯ ಮೇಲೆ ಬರುವವರೆಗೆ ಕಾಯಬೇಕು. ಎದುರಿಗೆ ಕೂತವರು ಬಸ್ಸಿನ ಹೊತ್ತು ನೋಡಿಕೊಂಡು ಚಡಪಡಿಸುತ್ತಿದ್ದರು. ಒಂದು ದಿನ ಅರ್ಜಿಯ ಮಧ್ಯದಲ್ಲಿ ಪರದೆ ತುಂಬ ನೀಲಿ ಬಣ್ಣ ಬಂದು ಯಂತ್ರ ನಿಂತುಬಿಟ್ಟಿತು. ಅದೇ ವಾರ ಇನ್ನೂ ಎರಡು ಸಲ ಹಾಗೆಯೇ ಆಯಿತು.

ಜೆರಾಕ್ಸ್ ಅಂಗಡಿಯವರು ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣ ಎನ್ನುತ್ತೇನೆ. ಅವರು ನೋಡಿ, "ಇದ್ಕ ಮದ್ದಿಲ್ಲ ಕಣಮ್ಮಿ. ಒಳಗಿರದೆಲ್ಲ ಒರಸ್ಬುಟ್ಟು ಒಸದಾಗಿ ಆಕ್ಬೇಕು" ಎಂದರು. ಹೊಸ ಆಪರೇಟಿಂಗ್ ಸಿಸ್ಟಂ ತುಂಬಿದ ಪೆನ್‌ಡ್ರೈವ್ ಒಂದನ್ನು ತಯಾರು ಮಾಡಿ ಕೊಟ್ಟರು. ಯಾವ ಕೀ ಒತ್ತಿ ಶುರು ಮಾಡಬೇಕು, ಎಲ್ಲಿ ಏನು ಆರಿಸಬೇಕು ಎಂದು ಒಂದು ಹಾಳೆಯ ಹಿಂದೆ ಬರೆದೂ ಕೊಟ್ಟರು. ಕಚೇರಿ ರಜೆಯಾದ್ದರಿಂದ ಭಾನುವಾರವೇ ಮಾಡುವುದೆಂದಾಯಿತು.

ಪಣಕಹಳ್ಳಿಯ ನಮ್ಮ ಮನೆಯಲ್ಲಿ ಭಾನುವಾರ ಎಂದರೆ ರಜೆಯಲ್ಲ. ವಾರದ ಬಟ್ಟೆಯೆಲ್ಲ ಅವತ್ತೇ ಒಗೆಯಬೇಕು. ಬೀನ್ಸ್ ಕೊಯ್ಲು ಬೇರೆ ಇತ್ತು. ಗಂಡ ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋಗಿದ್ದರು. ನಾನೂ ಎದ್ದು ಕೊಯ್ದು, ಬಂದು ಅಡುಗೆ ಮಾಡಿ, ಒಗೆದು, ಹತ್ತು ಗಂಟೆಗೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಸೊಂಟ ಹಿಡಿದುಕೊಂಡಿತ್ತು. ಬೆರಳಿನ ಸಂದಿಯಲ್ಲಿ ಬೀನ್ಸಿನ ಸೊಪ್ಪಿನ ಹಸಿರು ಹಾಗೇ ಇತ್ತು.

ಮೊದಲು ಉಳಿಸಿಕೊಳ್ಳಬೇಕಾದ್ದನ್ನು ಬೇರೆ ಪೆನ್‌ಡ್ರೈವಿಗೆ ಹಾಕಿದೆ. ಮದುವೆಯ ಫೋಟೋ, ನನ್ನ ಮಾರ್ಕ್ಸ್ ಕಾರ್ಡುಗಳು, ಮನೆಯವರೆಲ್ಲರ ಆಧಾರ್. ಎಂಟು ವರ್ಷದ ಅರ್ಜಿಗಳು ಡಿ ಎಂಬ ಡ್ರೈವಿನಲ್ಲಿದ್ದವು. ಊರಿಗೊಂದು ಫೋಲ್ಡರು, ಫೋಲ್ಡರಿನೊಳಗೆ ಮನೆಮನೆಯ ಹೆಸರು. ಅದನ್ನು ನಾನು ಮುಟ್ಟಲಿಲ್ಲ. ಕೆಟ್ಟಿರುವುದು ಸಿ, ಒರೆಸುವುದೂ ಸಿ. ಡಿ ಬೇರೆಯೇ ಒಂದು ಪೆಟ್ಟಿಗೆ ಎಂದುಕೊಂಡಿದ್ದೆ. ಒಂದೇ ಡಿಸ್ಕಿನ ಮಧ್ಯೆ ಗೆರೆ ಎಳೆದು ಎರಡು ಹೆಸರು ಇಟ್ಟಿದ್ದಾರೆ ಎಂಬುದು ಅಷ್ಟು ವರ್ಷ ಅದರ ಮುಂದೆ ಕೂತಿದ್ದರೂ ನನಗೆ ಗೊತ್ತಿರಲಿಲ್ಲ.

ಅಣ್ಣ ಬರೆದುಕೊಟ್ಟಂತೆ ಮಾಡುತ್ತ ಹೋದೆ. ಶೇಕಡ ಇಷ್ಟು, ಅಷ್ಟು ಎಂದು ಅಂಕಿ ಏರತೊಡಗಿತು. ನಲವತ್ತು ದಾಟಿದಾಗ ಕರೆಂಟು ಹೋಯಿತು. ಬ್ಯಾಟರಿ ಇಲ್ಲದ ಯಂತ್ರ, ಉಸಿರು ಕಟ್ಟಿದಂತೆ ನಿಂತಿತು.

ಕರೆಂಟು ಬಂದದ್ದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಬೀನ್ಸ್ ಆಯುತ್ತ ಕೂತಿದ್ದೆ. ಮತ್ತೆ ಗುಂಡಿ ಒತ್ತಿದರೆ ಈಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ಪೆನ್‌ಡ್ರೈವಿನಿಂದ ಮೊದಲಿಂದ ಶುರು ಮಾಡಿದೆ. ಎಲ್ಲಿ ಹಾಕಬೇಕೆಂದು ಕೇಳುವ ಜಾಗದಲ್ಲಿ ಸಿ, ಡಿ ಎಂಬ ಹೆಸರೇ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ನಂಬರುಗಳಿದ್ದವು. ಯಾವುದನ್ನು ಆರಿಸಿದರೂ ಇಲ್ಲಿ ಹಾಕಲಾಗದು ಎಂದು ಹೇಳುತ್ತಿತ್ತು. ಅಣ್ಣನಿಗೆ ಫೋನು ಮಾಡಿದೆ.

"ಬೇಕಾದ್ದೆಲ್ಲ ತಗ್ದು ಮಡಿಕಂಡಿದ್ದಿಯ?" ಎಂದು ಕೇಳಿದರು.

"ಮಡಿಕಂಡಿವ್ನಿ ಅಣ್ಣ."

"ಅಂಗಾರ ಎಲ್ಲನೂ ಡಿಲೀಟ್ ಕೊಡು. ಎಲ್ಲ ಸೇರಿ ಒಂದೇ ಆಯ್ತದ. ಅದ್ರ ಮ್ಯಾಲ ಆಕು."

ಒಂದೊಂದಾಗಿ ಆರಿಸಿ ಡಿಲೀಟ್ ಕೊಟ್ಟೆ. ಪ್ರತಿ ಸಲವೂ, ಇದರಲ್ಲಿರುವುದೆಲ್ಲ ಹೋಗುತ್ತದೆ, ಆಗಬಹುದೇ ಎಂದು ಕೇಳಿತು. ಆಗಬಹುದು ಎಂದು ಒತ್ತಿದೆ. ಆ ಹೊತ್ತಿಗೆ ಕೆಲಸ ಮುಗಿದರೆ ಸಾಕಾಗಿತ್ತು. ನಾಲ್ಕು ಸಲ ಕೇಳಿತು, ನಾಲ್ಕು ಸಲವೂ ಆಗಬಹುದು ಎಂದೆ.

ಐದೂವರೆಗೆ ಲ್ಯಾಪ್‌ಟಾಪು ಹೊಸದಾಗಿ ತೆರೆದುಕೊಂಡಿತು. ಎಲ್ಲ ಖಾಲಿ, ಎಲ್ಲ ಸ್ವಚ್ಛ. ವೈಫೈ ಹಿಡಿಯಲಿಲ್ಲ. ಫೋನಿಗೆ ವೈರು ಸಿಕ್ಕಿಸಿ ಅದರ ನೆಟ್ಟಿನಿಂದ ಬೇಕಾದ್ದನ್ನು ಇಳಿಸಿಕೊಂಡೆ. ತಮಿಳು ಕೀಬೋರ್ಡು ಹಾಕಿದೆ. ಆಮೇಲೆ ಡಿ ಹುಡುಕಿದೆ. ಇರಲಿಲ್ಲ. ಮುಚ್ಚಿ ತೆರೆದೆ. ಆಗಲೂ ಇರಲಿಲ್ಲ. ಇರುವುದು ಒಂದೇ ಒಂದು ಡ್ರೈವು, ಅದರೊಳಗೆ ನನ್ನದು ಎನ್ನುವಂಥದ್ದು ಏನೂ ಇಲ್ಲ.

ಅತ್ತೆನೆಂದರೆ ಸುಳ್ಳಾಗುತ್ತದೆ. ಅಳುವುದಕ್ಕೂ ಮೈಯಲ್ಲಿ ಏನಾದರೂ ಮಿಕ್ಕಿರಬೇಕು. ಗೋಡೆಗೆ ಒರಗಿ ಸುಮ್ಮನೆ ಕೂತಿದ್ದೆ. ಗಂಡ ಹೊಲದಿಂದ ಬಂದು ಕಾಲು ತೊಳೆದುಕೊಂಡು ಒಳಗೆ ಬಂದರು. "ಆಯ್ತ?" ಎಂದು ಕೇಳಿದರು. "ಆಯ್ತು" ಎಂದೆ. ಅರ್ಜಿಗಳು ಹೋದದ್ದನ್ನು ಅವರಿಗೆ ಹೇಳಿದ್ದು ಮಾರನೆಯ ದಿನ.

ಸೋಮವಾರ ಅಣ್ಣ ಅಂಗಡಿಯ ಕೆಲಸ ಬಿಟ್ಟು, ಅಳಿಸಿದ್ದನ್ನು ಹುಡುಕುವ ಏನೋ ಒಂದನ್ನು ಹಾಕಿ ಮಧ್ಯಾಹ್ನದವರೆಗೆ ನೋಡಿದರು. ಕೆಲವು ಫೈಲುಗಳು ಸಿಕ್ಕವು, ತೆರೆದರೆ ಬರೀ ಚೌಕಗಳು, ಪ್ರಶ್ನೆ ಚಿಹ್ನೆಗಳು. "ನಾನೂ ಸರಿಯಾಗಿ ಕೇಳ್ಬೇಕಾಗಿತ್ತು ಕಣಮ್ಮಿ" ಎಂದು ತಾವೇ ತಪ್ಪು ಮಾಡಿದವರಂತೆ ನಿಂತರು. ಅವರದೇನೂ ತಪ್ಪಿಲ್ಲ ಎಂದು ಹೇಳಬೇಕಾಗಿತ್ತು. ಹೇಳಿದೆನೋ ಇಲ್ಲವೋ ನೆನಪಿಲ್ಲ.

ಹಳೆಯ ಅರ್ಜಿಗಳು ಇದ್ದೇನಾಗಬೇಕಿತ್ತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅರ್ಜಿ ಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ಮತ್ತೆ ಬರುತ್ತಾರೆ. ಅಧಿಕಾರಿ ಬದಲಾಗಿದ್ದಾರೆ, ಇನ್ನೊಂದು ಕೊಡಿ ಎನ್ನುತ್ತಾರೆ. ಮನೆಯಲ್ಲಿಟ್ಟದ್ದು ಇಲಿ ಕಡಿದಿದೆ ಎನ್ನುತ್ತಾರೆ. ನಾನು ಹಳೆಯದನ್ನು ತೆಗೆದು, ತಾರೀಖು ಬದಲಾಯಿಸಿ ಕೊಡುತ್ತಿದ್ದೆ. ಈಗ ಬಂದವರಿಗೆಲ್ಲ "ಓಗ್ಬುಟ್ಟದ, ಇನ್ನೊಂದ್ಸಲ ಏಳಿ" ಎನ್ನಬೇಕಾಯಿತು. ಕೆಲವರು ಬೈದರು. ಬಹಳ ಜನ ಬೈಯಲಿಲ್ಲ, ಕೂತು ಮತ್ತೆ ಹೇಳಿದರು. ಬೈದವರೇ ವಾಸಿ ಅನ್ನಿಸುತ್ತಿತ್ತು.

ಬುಧವಾರ ಒಬ್ಬ ಅಜ್ಜಿ ಬಂದರು. ಜೀರಹಳ್ಳಿಯ ಕಡೆ, ಕಾಡಂಚಿನ ಒಂದು ಕಾಲೋನಿಯವರು. ಜೀವಮಾನವೆಲ್ಲ ಕೂಲಿ ಮಾಡಿದವರು. ಬಸ್ಸು ಇಳಿಯುವ ತಿರುವಿನಲ್ಲಿ ಒಂದು ದೀಪ ಹಾಕಿಸಬೇಕು ಎಂಬುದು ಅವರ ಅರ್ಜಿ. ಕತ್ತಲಾದ ಮೇಲೆ ಅಲ್ಲಿ ಆನೆಗಳು ದಾಟುತ್ತವೆ. ಆಗಲೇ ಮೂರು ಸಲ ಬರೆಸಿದ್ದರು. ಮೊದಲ ಸಲ ನಾನೇ ಅವರು ಹೇಳಿದ್ದನ್ನು ಕೇಳಿ ಬರೆದದ್ದು, ಆಮೇಲಿನ ಎರಡೂ ಅದರ ನಕಲು.

"ಅದ್ನೆ ಇನ್ನೊಂದು ತಗ್ದುಕೊಡವ್ವ. ಒಸ ಸಾಯೇಬ್ರು ಬಂದವ್ರಂತ" ಎಂದರು.

ಆಗಿದ್ದನ್ನು ಹೇಳಿದೆ. ಯಂತ್ರದ ವಿಷಯ ಅವರಿಗೆ ಎಷ್ಟು ತಿಳಿಯಿತೋ. "ಓಗ್ಲಿ ಬುಡು. ನಂಗ ಬಾಯಲ್ಲೇ ಅದ. ಏಳ್ತಿನಿ, ಬರ್ಕೊ" ಎಂದು ಕುರ್ಚಿಯ ತುದಿಯಲ್ಲಿ ಕೂತರು.

ಟೈಪು ಮಾಡತೊಡಗಿದೆ. ಮಾನ್ಯರೇ ಎಂಬುದು ಬಂತು, ಊರು ಬಂತು. ಮೇಲ್ಕಂಡ ತಿರುವಿನಲ್ಲಿ ದೀಪವಿಲ್ಲದೆ ಪೊದುಮಕ್ಕಳ್ ತುಂಬಾ ತೊಂದರೆ ಪಡುತ್ತಿದ್ದಾರೆ ಎಂದು ತಮಿಳಿನಲ್ಲಿ ಬೆರಳು ತಾನೇ ಬರೆದುಕೊಂಡು ಹೋಯಿತು. ಪೊದುಮಕ್ಕಳ್ ಎಂದರೆ ಸಾರ್ವಜನಿಕರು. ದಿನಕ್ಕೆ ಹತ್ತು ಸಲ ಬರೆಯುವ ಮಾತು. ಅಜ್ಜಿ ಹೇಳುತ್ತಲೇ ಇದ್ದರು.

"...ಅವತ್ತು ನಮ್ಮ ತಂಗಿ ಬಸ್ ಇಳ್ದು ಬತ್ತಿದ್ದಳು. ಆನ ಎದುರ್ಗ ನಿಂತಿತ್ತಂತ. ಓಡಕ್ಕೋಗಿ ಅಳ್ಳಕ್ಕ ಬಿದ್ದು ಸೊಂಟ ಮುರ್ಕಂಡಳು. ಕೂಗುದ್ರ ಆನ ಬತ್ತದ ಅಂತ ಸೀರ ಸೆರಗ ಬಾಯ್ಗ ತುಂಬ್ಕಂಡು ಬೆಳಗಾಗಗಂಟ ಅಲ್ಲೇ ಬಿದ್ದಿದ್ದಳು. ಆಮೇಲ ಎದ್ದು ಓಡಾಡ್ನೇ ಇಲ್ಲ. ಮೂರು ತಿಂಗ್ಳಿಗ ಓಗ್ಬುಟ್ಟಳು. ಅದ್ನೆಲ್ಲ ಓದ್ಸಲ ಬರ್ದಿದ್ದಿಯಲ್ಲ, ಅಂಗೇ ಬರಿ."

ನನ್ನ ಬೆರಳು ನಿಂತಿತು.

ಮೊದಲ ಸಲವೂ ಅವರು ಇದನ್ನೆಲ್ಲ ಹೇಳಿದ್ದರು. ನಾನು ಕೇಳಿ, ಅಯ್ಯೋ ಎಂದಿದ್ದೆ. ಆದರೆ ಬರೆದಿರಲಿಲ್ಲ. ಅರ್ಜಿ ಒಂದು ಪುಟ ದಾಟಿದರೆ ಓದುವುದಿಲ್ಲ, ಸ್ವಂತ ಕತೆ ಬರೆದರೆ ಪಕ್ಕಕ್ಕಿಡುತ್ತಾರೆ ಎಂದು ಕೆಲಸಕ್ಕೆ ಕೂತ ಹೊಸದರಲ್ಲೇ ಕಲಿತುಕೊಂಡಿದ್ದೆ. ಯಾರು ಕಲಿಸಿದರೋ ಗೊತ್ತಿಲ್ಲ. ಬಹುಶಃ ನನ್ನ ಮೇಜಿನ ಮುಂದೆ ನಿಂತಿರುತ್ತಿದ್ದ ಸಾಲೇ ಕಲಿಸಿರಬೇಕು. ಅಜ್ಜಿಗೆ ಅಲ್ಪಸ್ವಲ್ಪ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮೂರು ಸಲವೂ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ಹೋಗಿದ್ದರು.

ಹೂಂ ಎಂದುಬಿಡಬಹುದಾಗಿತ್ತು. ಫೈಲೇ ಇಲ್ಲ, ಯಾರು ನೋಡುತ್ತಾರೆ? ಆದರೆ ಆ ವಾರ ಮುಚ್ಚಿಡುವುದಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ.

"ಇಲ್ಲ ಕಣಿ ಅಜ್ಜಿ. ನಿಮ್ಮ ತಂಗಿ ಇಸ್ಯ ನಾನು ಬರ್ದೇ ಇಲ್ಲ."

ಅವರು ತಲೆಯೆತ್ತಿ ನೋಡಿದರು. "ಮೂರ್ಸಲವುವೆ?"

"ಮೂರ್ಸಲವುವೆ."

"ಅಂಗಾರ ಆ ಪೇಪರ್ನಲ್ಲಿ ಯಾರಿದ್ರು?"

"ಪೊದುಮಕ್ಕಳ್ ಅಂತ ಬರ್ದಿದ್ದೆ."

"ಅವ್ರ್ಯಾರು?" ಎಂದರು. ಚುಚ್ಚಿ ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದು.

ನನಗೆ ಮುಖ ಎತ್ತಲಾಗಲಿಲ್ಲ. ಅಜ್ಜಿ ಎಲೆಯಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರ ಹಿಂದೆ ನಿಂತಿದ್ದವರು ಹೊತ್ತಾಗುತ್ತದೆ ಎಂದು ಗೊಣಗಿದರು. ಅಜ್ಜಿ ಅವರತ್ತ ತಿರುಗಿ, "ಸುಮ್ನ ನಿಂತ್ಕಳ್ರಪ್ಪ, ನಂಗ ಮೂರು ವರ್ಸ ಆಗದ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಬರಿ" ಎಂದರು. ದನಿಯಲ್ಲಿ ಕೋಪವಿತ್ತು. ಇರಲೇಬೇಕಲ್ಲ.

ಬರೆದಿದ್ದನ್ನು ಅಳಿಸಿ ಮೊದಲಿಂದ ಬರೆದೆ. ತಂಗಿಯ ಹೆಸರು, ವಯಸ್ಸು, ಹಳ್ಳದ ಜಾಗ. ಸೆರಗನ್ನು ಬಾಯಿಗೆ ತುಂಬಿಕೊಂಡದ್ದನ್ನು ತಮಿಳಿನಲ್ಲಿ ಹೇಗೆ ಬರೆಯುವುದೆಂದು ತಿಣುಕಾಡಿದೆ. ಎಂಟು ವರ್ಷದಲ್ಲಿ ಅಂಥ ವಾಕ್ಯವನ್ನು ನಾನು ಟೈಪು ಮಾಡಿರಲೇ ಇಲ್ಲ. ಒಂದೂವರೆ ಪುಟವಾಯಿತು. ಮುಗಿದ ಮೇಲೆ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಒಂದು ಕಡೆ ತಡೆದರು. "ಅಮಾಸ ಅಲ್ಲ, ಅಮಾಸ ಆಗಿ ಮೂರನೇ ದಿನ." ತಿದ್ದಿದೆ. ಪ್ರಿಂಟು ತೆಗೆದುಕೊಟ್ಟ ಮೇಲೆ ಅಜ್ಜಿ ಹೆಬ್ಬೆಟ್ಟು ಒತ್ತಿ, ಒರೆಸಿಕೊಂಡು, ಹಾಳೆ ಮಡಚಿಟ್ಟುಕೊಂಡು ಕಚೇರಿಯ ಕಡೆ ಹೋದರು.

ಅವತ್ತು ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಕಳೆದುಹೋದ ಆ ಫೋಲ್ಡರುಗಳಲ್ಲಿ ಇನ್ನೂ ಎಷ್ಟು ಜನ ಪೊದುಮಕ್ಕಳಾಗಿದ್ದರೋ ಎಂಬ ಯೋಚನೆ ಬಿಡಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತ ಕೇಳಿ, "ನಿಂಗ ಟೈಮ್ ಎಲ್ಲಿತ್ತು?" ಎಂದರು. ಸಮಾಧಾನಕ್ಕೆ ಹೇಳಿದ್ದು. ನಿಜವೂ ಹೌದು. ಆದರೂ ಮನಸ್ಸು ತಿಳಿಯಾಗಲಿಲ್ಲ.

ಐದು ತಿಂಗಳ ಮೇಲೆ ಆ ತಿರುವಿನಲ್ಲಿ ಕಂಬ ನೆಟ್ಟರಂತೆ. ಆ ಕಡೆಯಿಂದ ಬಂದವರೊಬ್ಬರು ಹೇಳಿದರು. ನಾನು ಬರೆದದ್ದರಿಂದ ಆಯಿತೋ, ನಾಲ್ಕನೆಯ ಸಲ ಕೊಟ್ಟದ್ದರಿಂದ ಆಯಿತೋ, ಅದು ಹೇಗೂ ಆಗುವುದೇ ಇತ್ತೋ ತಿಳಿಯದು. ದೀಪ ಇನ್ನೂ ಹಾಕಿಲ್ಲವಂತೆ. ಅಜ್ಜಿ ಮತ್ತೆ ನನ್ನ ಹತ್ತಿರ ಬಂದಿಲ್ಲ.

ಲ್ಯಾಪ್‌ಟಾಪು ಈಗ ಬೇಗ ತೆರೆದುಕೊಳ್ಳುತ್ತದೆ. ಆದರೆ ನನ್ನ ಕೆಲಸ ನಿಧಾನವಾಗಿದೆ. ಬರೆದದ್ದನ್ನೆಲ್ಲ ಪ್ರಿಂಟು ತೆಗೆಯುವ ಮೊದಲು ಕನ್ನಡದಲ್ಲಿ ಓದಿ ಹೇಳುತ್ತೇನೆ. ಮೊದಲು ದಿನಕ್ಕೆ ಇಪ್ಪತ್ತು ಆಗುತ್ತಿದ್ದದ್ದು ಈಗ ಹನ್ನೆರಡಾದರೆ ಹೆಚ್ಚು. ಸಾಲಿನಲ್ಲಿ ನಿಂತವರು ಬೇರೆ ಕಡೆ ಹೋಗುತ್ತಾರೆ, ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಮೊನ್ನೆ ಪಟ್ಟಾಕ್ಕೆ ಬಂದ ಒಬ್ಬರಿಗೆ ಪೂರ್ತಿ ಓದಿ ಮುಗಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಇದು ನಾ ಏಳಿದ್ದಲ್ಲ ಕಣವ್ವ" ಎಂದರು. ಸರಿ ಎಂದು, ಕುರ್ಚಿ ಹತ್ತಿರ ಎಳೆದುಕೊಂಡು, ಕೊನೆಯ ಸಾಲಿನಿಂದ ಅಳಿಸುತ್ತ ಬಂದೆ.