ಡಾಕ್ಟರ್ ಅನಂತಪದ್ಮನಾಭರ ಹಾರ್ಪ್ಸಿಕಾರ್ಡ್ ವಿದ್ಯೆ

ಪಾಲೋ ಆಲ್ಟೋದಲ್ಲಿ ಅರ್ಧ ಆಯುಷ್ಯ ಜನರ ಮಂಡಿ ಆಪರೇಷನ್ ಮಾಡಿ ನಿವೃತ್ತರಾದ ಡಾಕ್ಟರ್ ಅನಂತಪದ್ಮನಾಭರು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಂಗೀತ ವಿದ್ಯಾಲಯ ಸೇರಿದರು. ಕಲಿಯಹೊರಟದ್ದು ಯುರೋಪಿನ ಮುನ್ನೂರು ವರ್ಷ ಹಳೆಯ ಸಂಗೀತ. ಅದೂ ಆ ಕಾಲದವರು ಹೇಗೆ ನುಡಿಸುತ್ತಿದ್ದರೋ ಹಾಗೆಯೇ. ಹೆಂಡತಿ ಇಂದುವಿಗೆ ಮೊದಲು ಸಂತೋಷವೇ ಆಯಿತು. ಡಿಶ್‌ವಾಷರಿಗೆ ತಟ್ಟೆ ಜೋಡಿಸುವ ಸರಿಯಾದ ಕ್ರಮವನ್ನು ದಿನವೂ ಉಪದೇಶಿಸುವ ಗಂಡಸು ಅಷ್ಟು ಹೊತ್ತು ಮನೆಯಿಂದ ತೊಲಗಿದರೆ ಯಾರಿಗೆ ಬೇಡ?

ಆಮೇಲೆ ಊಟದ ಮೇಜು ಗರಾಜು ಸೇರಿತು. ಆ ಜಾಗಕ್ಕೆ ಹಾರ್ಪ್ಸಿಕಾರ್ಡ್ ಬಂತು: ಪಿಯಾನೋಗಿಂತ ಹಳೆಯ, ಒತ್ತಿದರೆ ಕಿಣಿಕಿಣಿ ಎನ್ನುವ ಉದ್ದನೆಯ ಪೆಟ್ಟಿಗೆ. ಶ್ರುತಿ ಕೆಡುತ್ತದೆಂದು ಹೀಟರು ಬಂದ್. ಇಂದು ಸ್ವೆಟರು ತೊಟ್ಟು, ಸೋಫಾದಲ್ಲಿ ತಟ್ಟೆ ಹಿಡಿದು ಉಂಡಳು. ಮಗಳು ತನ್ವಿ ಕಾರಿನಲ್ಲಿ ಅದೇ ಹಳೆಯ ಸಂಗೀತವನ್ನು ಈಗಿನ ದೊಡ್ಡ ಆರ್ಕೆಸ್ಟ್ರಾ ನುಡಿಸಿದ್ದನ್ನು ಹಾಕಿದರೆ ಡಾಕ್ಟರು ಹುಳಿ ತಿಂದವರಂತೆ ಮುಖ ಮಾಡುತ್ತಿದ್ದರು.

"ಇದನ್ನ ಆ ಕಾಲದಲ್ಲಿ ಹೀಗೆ ನುಡಿಸ್ತಾನೇ ಇರ್ಲಿಲ್ಲ."

"ಡ್ಯಾಡ್, ಯು ವರ್ ನಾಟ್ ದೇರ್ ಈದರ್," ಎಂದಳು ತನ್ವಿ. ಅವರು ಕೈಚಾಚಿ ಸ್ಟೀರಿಯೋ ಬಂದ್ ಮಾಡಿದರು.

ಅವರ ಗುರು ಹ್ಯಾನಾ, ಮಗಳಿಗಿಂತ ತುಸು ದೊಡ್ಡವಳು. ಅವಳ ತಪ್ಪುಗಳನ್ನೂ ಡಾಕ್ಟರು ಹಳೆಯ ಗ್ರಂಥಗಳ ಆಧಾರ ಕೊಟ್ಟು ತಿದ್ದುತ್ತಿದ್ದರು. ವರ್ಷದ ಕೊನೆಗೆ ಒಂದು ಚರ್ಚಿನಲ್ಲಿ ಕಛೇರಿ; ಗಿಲ್‌ರಾಯ್‌ನಿಂದ ಬರುವ ಮಾರಿಸೋಲ್ ಎಂಬ ಹುಡುಗಿಯ ಹಾಡಿಗೆ ಇವರ ಪಕ್ಕವಾದ್ಯ. ತಾಲೀಮಿನ ದಿನ ಇಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹ್ಯಾನಾ ಇವರ ಮುಂದಿದ್ದ, ಎರಡೂ ಕೈಗೆ ಸ್ವರ ಬರೆದಿದ್ದ ಪುಸ್ತಕ ತೆಗೆದು ಒಂದು ಹಾಳೆ ಇಟ್ಟಳು. ಅದರಲ್ಲಿ ಎಡಗೈಯ ಸ್ವರಗಳಷ್ಟೇ ಇದ್ದವು, ಜೊತೆಗೆ ಒಂದಿಷ್ಟು ಅಂಕಿ.

"ಬಲಗೈಗೆ?" ಎಂದರು ಡಾಕ್ಟರು.

"ಆ ಕಾಲದಲ್ಲಿ ಅದನ್ನು ಬರೆಯುತ್ತಿರಲಿಲ್ಲ. ಹಾಡುವವಳನ್ನು ಕೇಳಿಸಿಕೊಂಡು ನೀವೇ ಕಟ್ಟಬೇಕು."

ಯಾರನ್ನಾದರೂ ಕೇಳಿಸಿಕೊಳ್ಳುವ ಕೆಲಸವನ್ನು ಅನಂತಪದ್ಮನಾಭರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವರು ಕೇಳಿಸಿಕೊಂಡಿರಲಿಲ್ಲ. ಬಲಗೈ ಗಾಳಿಯಲ್ಲಿ ನಿಂತೇ ಇತ್ತು. ಕೊನೆಗೆ ಪುಸ್ತಕವನ್ನೇ ವಾಪಸು ಇಟ್ಟುಕೊಂಡರು.

ಕಛೇರಿಯಲ್ಲಿ ಮಾರಿಸೋಲ್ ಕೊನೆಯ ಸಾಲಿಗೆ ಮುಂಚೆ ಒಂದು ಸ್ವರವನ್ನು ಹಿಡಿದು ತುಸು ಹೊತ್ತು ನಿಂತಳು. ಇಂದುವಿಗೆ ಮೈ ನವಿರೆದ್ದಿತು. ಡಾಕ್ಟರು ನಿಲ್ಲಲಿಲ್ಲ. ಪುಸ್ತಕದಲ್ಲಿದ್ದುದನ್ನು ಮುಗಿಸಿ, ಕೈ ತೊಡೆಯ ಮೇಲಿಟ್ಟು ಕೂತರು. ಹುಡುಗಿ ಉಳಿದ ಸಾಲನ್ನು ಒಬ್ಬಳೇ ಹಾಡಿ ಮುಗಿಸಿದಳು.

"ತಾಳ ಗೊತ್ತಿಲ್ಲ ಅವಳಿಗೆ," ಎಂದರು ಫ್ರೀವೇ ಹತ್ತುತ್ತಲೇ.

"ರೀ, ಅವಳು ಹಾಡ್ತಿದ್ಲು. ನೀವು ಓಡಿಹೋದ್ರಿ."

ಅವರು ವಿದ್ಯಾಲಯ ಬಿಟ್ಟರು, ಅಲ್ಲಿ ವಿದ್ವತ್ತಿಗೆ ಬೆಲೆಯಿಲ್ಲವೆಂದು. ಮರುವರ್ಷ ಕ್ಯುಪರ್ಟಿನೋದ ಕನ್ನಡಿಗರು ಕರೆದು, ಪ್ರಾಚೀನ ಪಾಶ್ಚಾತ್ಯ ಸಂಗೀತದ ಬಗ್ಗೆ ಇವರಿಂದ ಭಾಷಣ ಮಾಡಿಸಿದರು. ಒಂದೂವರೆ ಗಂಟೆ ಮಾತಾಡಿದರು. ಯಾರಿಗೂ ಏನೂ ಅರ್ಥವಾಗದ್ದರಿಂದ ಶಾಲು ಹೊದಿಸಿದರು. ಇಂದು ಆ ಭಾಷಣಕ್ಕೆ ಹೋಗಲಿಲ್ಲ. ಅದೇ ಮಧ್ಯಾಹ್ನ ಮಾರಿಸೋಲ್ ಬರ್ಕ್ಲಿಯಲ್ಲಿ ಹಾಡುತ್ತಿದ್ದಳು. ಇಂದು ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ, ಮುಂದಿನ ಸಾಲಿನಲ್ಲೇ ಜಾಗ ಹಿಡಿದು ಕೂತಳು.