ಮಂಡಕ್ಕಿ ಗಾಡಿಯ ನಂಬರ್ ಪ್ಲೇಟು

ಬೆಂಗಳೂರಿಗೆ ಹೋದರೆ ದಾವಣಗೆರೆಯವರಾದ ನಮ್ಮನ್ನು ಉತ್ತರ ಕರ್ನಾಟಕದವರು ಅನ್ನುತ್ತಾರೆ. ಹುಬ್ಬಳ್ಳಿಗೆ ಹೋದರೆ ಮೈಸೂರು ಸೀಮೆಯವರು. ಎರಡೂ ಕಡೆ ನಮ್ಮ ಮಾತು ಕೇಳಿ ಕಿಸಕ್ಕನೆ ನಗುತ್ತಾರೆ. ಕೆಂಪು-ಹಳದಿ ಬಾವುಟ ಏರಿದಾಗ ಎಲ್ಲರಿಗೂ ಮೈ ಜುಮ್ಮೆನ್ನುತ್ತದಂತೆ. ನನಗೆ ಏನೂ ಆಗುವುದಿಲ್ಲ. ಆದ ಹಾಗೆ ನಾಟಕ ಮಾಡುವ ಹೆಂಗಸೂ ನಾನಲ್ಲ.

ಅಣ್ಣನದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಹಾಕಿ ಆಡಿಸುತ್ತ, ಅರಳಿದ ಕೂಡಲೇ ಎತ್ತಬೇಕು. ಒಂದು ಗಳಿಗೆ ತಡವಾದರೂ ಕರಕಲು. ಅದೆಲ್ಲ ಅವನ ಬಲಗೈ ಕೆಲಸ. ನನ್ನ ಗಂಡ ಸತ್ತ ಮೇಲೆ ನಾನೂ ಮಗಳೂ ಉಣ್ಣುತ್ತಿದ್ದದ್ದು ಆ ಕೈಯ ದುಡಿಮೆಯನ್ನೇ.

ಬಂದ್ ಅಂದರೆ ನಮಗೆ ಹಬ್ಬ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಊರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬೇಕೇ ಬೇಕು. ಗಡಿ ಗಲಾಟೆಯ ಬಂದ್ ದಿನವೂ ಬೆಳಿಗ್ಗೆ ಎದ್ದು, ಚೀಲ ಹೇರಿಕೊಂಡು ಅಣ್ಣನೂ ನಾನೂ ಹರಿಹರಕ್ಕೆ ಹೊರಟೆವು. ಗಾಡಿ ಸೆಕೆಂಡ್ ಹ್ಯಾಂಡ್ ಟೆಂಪೋ. ಮಹಾರಾಷ್ಟ್ರದ ನಂಬರ್ ಪ್ಲೇಟು ಇನ್ನೂ ಬದಲಾಗಿರಲಿಲ್ಲ.

ಹರಿಹರದ ಹತ್ತಿರ ರಸ್ತೆಯಲ್ಲಿ ಕೆಂಪು-ಹಳದಿ ಶಾಲಿನವರು ಟೈರ್ ಸುಡುತ್ತಿದ್ದರು. ಪ್ಲೇಟು ಕಂಡದ್ದೇ ತಡ, ಕಲ್ಲು ಬಂತು. ಗಾಜು ಪುಡಿಪುಡಿಯಾಗಿ ನನ್ನ ಮಡಿಲಿಗೆ ಸುರಿಯಿತು. ಅಣ್ಣನ ಕಾಲರ್ ಹಿಡಿದು ಕೆಳಗೆಳೆದರು.

"ದಾವಣಗೆರಿಯೋನು ಅದೀನ್ರಪ್ಪಾ! ಮಂಡಕ್ಕಿ ಐತ್ರಿ ಗಾಡ್ಯಾಗೆ. ಹೊಡೀಬ್ಯಾಡ್ರಿ!" ಅಂತ ಕೂಗಿದ.

"ಐತಂತೆ, ಐತೆ! ಗಡಿ ಆಚೆಯೋರೂ ಹಿಂಗೇ ಮಾತಾಡೋದು ಕಣೋ, ಹಾಕು!" ಅಂದ ಆ ಗುಂಪಿನ ಮುಖಂಡ. ಅವನು ಬೆಂಗಳೂರು ಕಡೆಯಿಂದ ಬಂದವನು.

ರಾಡು ಬಿತ್ತು. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಬಲಗೈ! ನಾನು ಒಬ್ಬನ ತೋಳಿಗೆ ಬಾಯಿ ಹಾಕಿದೆ, ರಕ್ತ ಬರುವವರೆಗೂ ಬಿಡಲಿಲ್ಲ. ಅವನು ನನ್ನ ಜಡೆ ಹಿಡಿದು ಗಾಡಿಗೆ ಬಡಿದ. ಉಳಿದವರು ಚೀಲ ಸಿಗಿದು, ಮಂಡಕ್ಕಿಯ ಮೇಲೆ ಕುಣಿದರು. ಪೊಲೀಸರು ಬರುವ ಹೊತ್ತಿಗೆ ಎಲ್ಲರೂ ಪರಾರಿ.

"ಮೂಳೆ ಕೂಡುತ್ತೆ. ಆದ್ರೆ ಭಟ್ಟಿ ಕೆಲಸ ಇನ್ನು ಮರೀರಿ" ಅಂದರು ಆಸ್ಪತ್ರೆಯ ಡಾಕ್ಟರು. ಅಣ್ಣ ಗೋಡೆ ಕಡೆ ತಿರುಗಿ ಅತ್ತ.

ಮಾರನೇ ದಿನ ಪೇಪರಿನಲ್ಲಿ ನಮ್ಮ ಊರಿನ ಹೆಸರು ನೋಡಿ ಅದೇ ಮುಖಂಡ ಶಾಲು, ಹಾರ, ಫೋಟೋ ತೆಗೆಯುವವನ ಸಮೇತ ವಾರ್ಡಿಗೆ ಬಂದ.

"ತಪ್ಪಾಯ್ತಮ್ಮ. ನಮ್ಮವರು ಅಂತ ಗೊತ್ತಾಗ್ಲಿಲ್ಲ. ಗೊತ್ತಿದ್ದಿದ್ರೆ ಕೈ ಮಾಡ್ತಿರ್ಲಿಲ್ಲ."

"ಬ್ಯಾರೇರಾಗಿದ್ರೆ ಮುರೀಬೋದಿತ್ತೇನು?" ಅಂದೆ.

ಅವನು ಕ್ಯಾಮೆರಾ ಕಡೆ ಮುಖ ಮಾಡಿಕೊಂಡು ಅಣ್ಣನ ಹೆಗಲಿಗೆ ಶಾಲು ಹೊದಿಸಲು ಹೋದ. ಮುರಿದ ಕೈಗೆ ತಗುಲಿ ಅಣ್ಣ "ಯಪ್ಪಾ!" ಅಂತ ಚೀರಿದ. ನನಗೆ ತಲೆ ಕೆಟ್ಟಿತು. ಕಾಲಿನ ಚಪ್ಪಲಿ ಕಿತ್ತು ಅವನ ಕೆನ್ನೆಗೆ ಬಾರಿಸಿದೆ.

"ಅಮ್ಮಾ, ಅಮ್ಮಾ, ನಾನೂ ಕನ್ನಡದವನೇ!" ಅಂತ ಕೈ ಅಡ್ಡ ಹಿಡಿದ.

"ಹೌದಾ? ಹಂಗಾರೆ ಇನ್ನೊಂದು ತಗ" ಅಂದೆ.